ನಿಮ್ಮ ಹೋಟೆಲಿಗೆ ನೀವೇ ಹ್ಯಾಕರ್: ರೂಟರಿನಿಂದ ಗಲ್ಲಾದವರೆಗೆ ಒಂದು ತಪಾಸಣೆ

ಮುಂಬಯಿಯಲ್ಲಿ ನಮ್ಮವರ ಹೋಟೆಲೆಂದರೆ ಈಗ ತವಾ, ಗ್ರೈಂಡರ್, ಬಾಯ್ಲರ್ ಅಷ್ಟೇ ಅಲ್ಲ. ಗಲ್ಲಾದ ಮೇಲೆ ಬಿಲ್ಲಿಂಗ್ ಕಂಪ್ಯೂಟರ್, ಅದರ ಕೆಳಗೆ ಸಿಸಿಟಿವಿ ದೃಶ್ಯಗಳನ್ನು ದಾಖಲಿಸುವ ಡಿವಿಆರ್, ದೇವರ ಫೋಟೊದ ಹಿಂದೆ ವೈಫೈ ರೂಟರ್, ಎದುರಿಗೆ ಕ್ಯೂಆರ್ ಫಲಕ, ದುಡ್ಡು ಬಂತೆಂದು ಕೂಗಿ ಹೇಳುವ ಸೌಂಡ್‌ಬಾಕ್ಸ್, ಪಕ್ಕದಲ್ಲಿ ಪಾರ್ಸೆಲ್ ಆರ್ಡರ್ ಬರುವ ಟ್ಯಾಬ್. ಮಾಟುಂಗಾ ಇರಲಿ, ಡೊಂಬಿವಲಿ ಇರಲಿ, ಹೆಚ್ಚಿನ ಕಡೆ ಇದೇ ಚಿತ್ರ. ಇವುಗಳಲ್ಲಿ ಬಹುಪಾಲು ಒಂದೇ ವೈಫೈಗೆ ಸೇರಿಕೊಂಡಿರುತ್ತವೆ. ಆ ವೈಫೈಯ ಪಾಸ್‌ವರ್ಡ್ ಮಾತ್ರ ಇಂದಿನ ಸ್ಪೆಷಲ್ ಬರೆದ ಬೋರ್ಡಿನ ಕೆಳತುದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ.

ಎಥಿಕಲ್ ಹ್ಯಾಕರ್ ಎಂದು ಕರೆಸಿಕೊಳ್ಳುವವರು ಮಾಡುವುದು ಸರಳ. ಕಳ್ಳ ಯಾವ ದಾರಿಯಿಂದ ಬರಬಹುದೋ ಆ ದಾರಿಯಲ್ಲಿ ತಾವೇ ಮೊದಲು ನಡೆದು ನೋಡುತ್ತಾರೆ, ಅದೂ ಮಾಲೀಕರ ಅಪ್ಪಣೆ ಪಡೆದು. ದೊಡ್ಡ ಕಂಪನಿಗಳು ಇದಕ್ಕೆ ಲಕ್ಷಗಟ್ಟಲೆ ಕೊಡುತ್ತವೆ. ಸಣ್ಣ ಹೋಟೆಲಿಗೆ ಅಷ್ಟೆಲ್ಲ ಬೇಡ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ ತಿಂಡಿ ಶುರುವಾಗುವ ಮೊದಲಿನ ಹೊತ್ತು, ಒಂದು ಫೋನು, ಬರೆದುಕೊಳ್ಳಲು ಒಂದು ಕೆಒಟಿ (ಅಡುಗೆಮನೆಗೆ ಆರ್ಡರ್ ಕಳಿಸುವ ಚೀಟಿ) ಪುಸ್ತಕ ಸಾಕು. ಏಕೆಂದರೆ ಇಂಥ ಕಡೆ ಒಳನುಗ್ಗುವವನು ಸಾಮಾನ್ಯವಾಗಿ ಏನನ್ನೂ ಒಡೆಯಬೇಕಾಗಿರುವುದಿಲ್ಲ. ಕಂಪನಿಯಿಂದ ಬಂದ ಪಾಸ್‌ವರ್ಡು ಹಾಗೇ ಇರುತ್ತದೆ, ಅವನು ಅದನ್ನು ಟೈಪ್ ಮಾಡುತ್ತಾನೆ, ಅಷ್ಟೆ.

ಹೋಟೆಲ್ ಇಲ್ಲದವರೂ ಓದಬಹುದು. ಮನೆಯ ರೂಟರ್, ಬಾಗಿಲ ಕ್ಯಾಮೆರಾ, ಸ್ಮಾರ್ಟ್ ಟಿವಿಗೂ ಇದೇ ಕ್ರಮ.

1. ಮೊದಲು ಅಪ್ಪಣೆ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೋ ನೆಟ್‌ವರ್ಕಿಗೋ ಪ್ರವೇಶಿಸಿದರೆ ನಷ್ಟ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದ್ದಾದರೆ 66ನೇ ಸೆಕ್ಷನ್ ಅನ್ವಯವಾಗುತ್ತದೆ: ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಪಕ್ಕದ ಮೆಡಿಕಲ್ ಸ್ಟೋರಿನ ವೈಫೈ ಮೇಲೆ ಕೈಚಳಕ ತೋರಿಸಲು ಹೋಗಬೇಡಿ. ಹೋಟೆಲು ಕಂಡಕ್ಟಿಂಗ್‌ನಲ್ಲಿ, ಅಂದರೆ ಬೇರೆಯವರ ಹೋಟೆಲನ್ನು ನೀವು ಒಪ್ಪಂದದ ಮೇಲೆ ನಡೆಸುವ ರೀತಿಯಲ್ಲಿ, ನಡೆಯುತ್ತಿದ್ದರೆ ಮೂಲ ಮಾಲೀಕರಿಂದಲೂ, ಪಾಲುದಾರಿಕೆಯಾದರೆ ಪಾಲುದಾರರಿಂದಲೂ ಒಂದು ಸಾಲು ಬರೆಸಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಬಂದ ಒಪ್ಪಿಗೆಯೂ ಇಲ್ಲದ್ದಕ್ಕಿಂತ ವಾಸಿ.

ಮನೆಯ ಹುಡುಗನೋ ಹುಡುಗಿಯೋ ಈ ವಿದ್ಯೆಯನ್ನೇ ಕಲಿಯಲು ಹೊರಟಿದ್ದರೆ, ದುಬಾರಿ ಕೋರ್ಸಿಗೆ ಫೀಸು ಕಟ್ಟುವ ಮೊದಲು ಪೋರ್ಟ್‌ಸ್ವಿಗ್ಗರ್‌ನ ಆನ್‌ಲೈನ್ ಪಾಠಶಾಲೆಯಾದ ವೆಬ್ ಸೆಕ್ಯುರಿಟಿ ಅಕಾಡೆಮಿಯನ್ನೂ ಓವಾಸ್ಪ್‌ನ ಜ್ಯೂಸ್ ಶಾಪನ್ನೂ ತೋರಿಸಿ. ಎರಡೂ ಉಚಿತ. ಜ್ಯೂಸ್ ಶಾಪ್ ಎನ್ನುವುದು ಬೇಕೆಂದೇ ತೂತು ಬಿಟ್ಟು ಕಟ್ಟಿದ ನಕಲಿ ಅಂಗಡಿ, ಎಷ್ಟು ಸಲ ದೋಚಿದರೂ ಯಾರಿಗೂ ನಷ್ಟವಿಲ್ಲ. ನಿಜವಾದ ಯಾವುದಾದರೂ ತಾಣದಲ್ಲಿ ದೋಷ ಕಣ್ಣಿಗೆ ಬಿದ್ದರೆ ಅದನ್ನು ಕೆದಕದೆ ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸರ್ಟ್–ಇನ್ ಸಂಸ್ಥೆಗೆ ಬರೆದು ತಿಳಿಸುವುದು ಕ್ರಮ.

2. ಗಿರಾಕಿಯ ಟೇಬಲಿನಲ್ಲಿ ಕುಳಿತು ನೋಡಿ

ಗಲ್ಲಾ ಬಿಟ್ಟು ಹೊರಗೆ ಬನ್ನಿ. ಬಾಗಿಲ ಹತ್ತಿರದ ಟೇಬಲಿನಲ್ಲಿ ಕುಳಿತು, ಗಿರಾಕಿಗಳಿಗೆ ಕೊಡುವ ಪಾಸ್‌ವರ್ಡಿನಿಂದಲೇ ವೈಫೈಗೆ ಸೇರಿ. ಪ್ಲೇಸ್ಟೋರಿನಲ್ಲಿ ಸಿಗುವ ಫಿಂಗ್ ಎಂಬ ಆ್ಯಪ್ ಹಾಕಿಕೊಂಡು ಸ್ಕ್ಯಾನ್ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಪಟ್ಟಿ ಬರುತ್ತದೆ: 192.168.1.1 ರೂಟರ್, 192.168.1.4 ಕ್ಯಾಮೆರಾ ಕಂಪನಿಯ ಹೆಸರು, 192.168.1.7 ಬಿಲ್ಲಿಂಗ್ ಪಿಸಿ, ಆಮೇಲೆ ಹುಡುಗರ ಫೋನುಗಳು, ಪ್ರಿಂಟರ್, ಟಿವಿ. ಒಂದು ಚಹಾ ಕುಡಿಯಲು ಬಂದವನಿಗೂ ಇಷ್ಟೂ ಕಾಣುತ್ತದೆ. ಹೀಗೆ ಹೊರಗಿನಿಂದ ಏನೇನು ಕಾಣುತ್ತದೆಂದು ಪಟ್ಟಿ ಮಾಡುವುದೇ ಎಥಿಕಲ್ ಹ್ಯಾಕರುಗಳ ಕೆಲಸದ ಮೊದಲ ಭಾಗ.

ಪಟ್ಟಿಯನ್ನು ಬರೆದುಕೊಂಡು ಒಂದೊಂದರ ಎದುರಿಗೂ ಅದು ಯಾವ ವಸ್ತುವೆಂದು ಗುರುತು ಹಾಕಿ. ಗುರುತು ಸಿಗದ್ದು ಉಳಿದರೆ ವಸ್ತುಗಳನ್ನು ಒಂದೊಂದಾಗಿ ಆಫ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿ. ಕೊನೆಗೂ ಉಳಿದದ್ದು ಹೆಚ್ಚಾಗಿ ಕೆಲಸ ಬಿಟ್ಟು ಹೋದವನ ಫೋನೋ ಮೇಲಿನ ಮಹಡಿಯವರ ಟಿವಿಯೋ ಆಗಿರುತ್ತದೆ.

ಈಗ ಅದೇ ಟೇಬಲಿನಿಂದ ಫೋನಿನ ಬ್ರೌಸರಿನಲ್ಲಿ 192.168.1.1 ಎಂದು ಹಾಕಿ. ಕೆಲವು ರೂಟರುಗಳಲ್ಲಿ 192.168.0.1 ಇರುತ್ತದೆ. ಲಾಗಿನ್ ಪುಟ ಬಂದು, ರೂಟರಿನ ತಳದ ಚೀಟಿಯಲ್ಲಿ ಅಚ್ಚಾದ ಹೆಸರು, ಪಾಸ್‌ವರ್ಡುಗಳೇ ಕೆಲಸ ಮಾಡಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಹೋಟೆಲಿನ ಇಡೀ ನೆಟ್‌ವರ್ಕ್ ಗಿರಾಕಿಯ ಕೈಯಲ್ಲಿದೆ.

3. ರೂಟರನ್ನು ಸರಿಮಾಡಿ

ರೂಟರಿಗೆ ಎರಡು ಪಾಸ್‌ವರ್ಡುಗಳು. ಒಂದು ವೈಫೈಗೆ ಸೇರಲು, ಇನ್ನೊಂದು ರೂಟರಿನ ಸೆಟ್ಟಿಂಗ್ ಬದಲಿಸಲು. ಮೊದಲನೆಯದನ್ನು ಎಲ್ಲರೂ ಬದಲಿಸುತ್ತಾರೆ, ಎರಡನೆಯದು ಇದೆಯೆಂದೇ ಅನೇಕರಿಗೆ ಗೊತ್ತಿಲ್ಲ. ಅದನ್ನು ಈಗಲೇ ಬದಲಿಸಿ. ಅಲ್ಲೇ ಭದ್ರತೆಯ ಬಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇದೆಯೇ ನೋಡಿ. ಡಬ್ಲ್ಯುಪಿಎಸ್ (ಪಾಸ್‌ವರ್ಡಿಲ್ಲದೆ ಬಟನ್ ಒತ್ತಿಯೋ ಪಿನ್ ಹಾಕಿಯೋ ವೈಫೈಗೆ ಸೇರುವ ಸೌಲಭ್ಯ) ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನ ಇಂಟರ್ನೆಟ್ಟಿನಿಂದಲೇ ರೂಟರಿನ ಸೆಟ್ಟಿಂಗ್ ಬದಲಿಸುವ ಸೌಲಭ್ಯ) ಎಂಬ ಎರಡನ್ನೂ ಆಫ್ ಮಾಡಿ. ರೂಟರಿನ ಒಳಗಿನ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರಿಗೆ, ಅಪ್‌ಡೇಟ್ ಇದ್ದರೆ ಹಾಕಿ.

ಆಮೇಲೆ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ. ಗಿರಾಕಿಗಳಿಗೂ ಹುಡುಗರ ಫೋನುಗಳಿಗೂ ಅದು. ಬಿಲ್ಲಿಂಗ್, ಕ್ಯಾಮೆರಾ, ಟ್ಯಾಬ್ ಮುಖ್ಯ ನೆಟ್‌ವರ್ಕಿನಲ್ಲಿರಲಿ, ಅದರ ಪಾಸ್‌ವರ್ಡ್ ಬೋರ್ಡಿಗೆ ಬರುವುದು ಬೇಡ. ಮತ್ತೆ ಆ ಟೇಬಲಿಗೆ ಹೋಗಿ ಗೆಸ್ಟ್ ವೈಫೈಯಿಂದ ಸ್ಕ್ಯಾನ್ ಮಾಡಿ. ನಿಮ್ಮ ಫೋನು ಮತ್ತು ರೂಟರ್ ಬಿಟ್ಟು ಬೇರೇನೂ ಕಾಣಬಾರದು, ರೂಟರಿನ ಲಾಗಿನ್ ಪುಟವೂ ತೆರೆಯಬಾರದು. ಕಂಡರೆ ಇಂಟರ್ನೆಟ್ ಕೊಟ್ಟವರನ್ನು ಕರೆಸಿ, ಗೆಸ್ಟ್ ನೆಟ್‌ವರ್ಕನ್ನು ಬೇರ್ಪಡಿಸಲು ಹೇಳಿ. ದೊಡ್ಡ ಕೆಲಸವೇನಲ್ಲ, ಆದರೆ ಕೇಳದೆ ಅವರಾಗಿ ಮಾಡಿಕೊಡುವುದು ಅಪರೂಪ.

4. ಡಿವಿಆರ್: ಕಾವಲುಗಾರನ ಮೇಲೊಂದು ಕಣ್ಣು

ನನ್ನನ್ನು ಕೇಳಿದರೆ ಹೋಟೆಲಿನಲ್ಲಿ ಎಲ್ಲಕ್ಕಿಂತ ಅಪಾಯದ ವಸ್ತು ಇದು. ಭದ್ರತೆಗೆಂದೇ ತಂದದ್ದಾದ್ದರಿಂದ ಅದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ವೈರಸ್ ಇಂಥ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ವಶಪಡಿಸಿಕೊಂಡಿತು. ಅದರ ಬಳಿ ಇದ್ದ ಆಯುಧ ಸುಮಾರು 60 ಜೋಡಿ ಹೆಸರು–ಪಾಸ್‌ವರ್ಡುಗಳ ಪಟ್ಟಿ ಮಾತ್ರ. ಅಡ್ಮಿನ್–ಅಡ್ಮಿನ್, ರೂಟ್–12345 ಇಂಥವು, ಎಲ್ಲವೂ ಕಾರ್ಖಾನೆಯಲ್ಲೇ ಹಾಕಿಟ್ಟದ್ದು. ಆ ವರ್ಷ ಅಕ್ಟೋಬರ್ 21ರಂದು ಈ ಸೇನೆ, ತಾಣಗಳ ಹೆಸರಿಗೆ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಗಂಟೆಗಟ್ಟಲೆ ತೊದಲಿದವು. ದೂರದ ಕಥೆ ಅನ್ನಿಸಿದರೆ ಹತ್ತಿರದ್ದೂ ಇದೆ: 2025ರ ಆರಂಭದಲ್ಲಿ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದವು.

ಡಿವಿಆರ್‌ಗೆ ಮಾನಿಟರ್ ಜೋಡಿಸಿ ಮೆನು ತೆರೆಯಿರಿ. ಬಳಕೆದಾರರ ಪಟ್ಟಿಯಲ್ಲಿ ಅಡ್ಮಿನ್ ಬಿಟ್ಟು ಬೇರೆ ಹೆಸರುಗಳಿವೆಯೇ? ಕ್ಯಾಮೆರಾ ಹಾಕಿದವನು ತನ್ನ ಅನುಕೂಲಕ್ಕೆ ಒಂದು ಖಾತೆ ಮಾಡಿಟ್ಟುಕೊಂಡಿರುವುದು ಸಾಮಾನ್ಯ. ಅಳಿಸಿಹಾಕಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ನೆಟ್‌ವರ್ಕ್ ಮೆನುವಿನಲ್ಲಿ ಯುಪಿಎನ್‌ಪಿ ಆನ್ ಇದ್ದರೆ ಆಫ್ ಮಾಡಿ, ಯಂತ್ರವು ತಾನಾಗಿಯೇ ರೂಟರಿನಲ್ಲಿ ಹೊರಗಿನ ಬಾಗಿಲು ತೆರೆದುಕೊಳ್ಳುವುದು ಅದರಿಂದ. ಹೊರಗಿನಿಂದ ಒಳಬರಲು ಬಿಟ್ಟ ಬಾಗಿಲುಗಳ ಪಟ್ಟಿಯಿರುವ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟವನ್ನೂ ನೋಡಿ, ಖಾಲಿ ಇದ್ದರೆ ಒಳ್ಳೆಯದು. ಮಾಲೀಕರು ಊರಿಗೆ ಹೋದಾಗ ಕುಂದಾಪುರದಿಂದಲೇ ಗಲ್ಲಾ ನೋಡುವುದಕ್ಕೆ ಕಂಪನಿಯ ಆ್ಯಪ್ ಬೇಕೇ ಬೇಕು, ಇರಲಿ. ಆದರೆ ಆ ಆ್ಯಪಿನ ಖಾತೆ ಯಾರ ಮೊಬೈಲ್ ನಂಬರಿನಲ್ಲಿದೆ, ಎಷ್ಟು ಜನರಿಗೆ ಹಂಚಲಾಗಿದೆ ಎಂದು ನೋಡಿ. ಎರಡು ವರ್ಷದ ಹಿಂದಿನ ಮ್ಯಾನೇಜರ್ ಈಗಲೂ ನಿಮ್ಮ ಅಡುಗೆಮನೆ ನೋಡುತ್ತಿರಬಹುದು.

ಕ್ಯಾಮೆರಾದ ಮುಖವನ್ನೂ ಒಮ್ಮೆ ಗಮನಿಸಿ. ಗಲ್ಲಾದ ಮೇಲಿನದು ಯುಪಿಐ ಪಿನ್ ಒತ್ತುವ ಬೆರಳುಗಳನ್ನೇ ಹಿಡಿಯುತ್ತಿದ್ದರೆ ಸ್ವಲ್ಪ ತಿರುಗಿಸಿ.

5. ಬಿಲ್ಲಿಂಗ್ ಕಂಪ್ಯೂಟರ್

ಇದರಲ್ಲಿ ಮೂರು ವಿಷಯ. ಮೊದಲನೆಯದು ವಿಂಡೋಸ್. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಭದ್ರತಾ ಅಪ್‌ಡೇಟು ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. "ಬಿಲ್ಲು ಬರುತ್ತಿದೆಯಲ್ಲ, ಯಾಕೆ ಬದಲಿಸಬೇಕು" ಎನ್ನುವವರು 2017ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಮಾರ್ಚ್ 14ರಂದು ಮೈಕ್ರೊಸಾಫ್ಟ್ ಒಂದು ತೂತಿಗೆ ತೇಪೆ ಬಿಡುಗಡೆ ಮಾಡಿತು. ಮೇ 12ರಂದು ಅದೇ ತೂತಿನಿಂದ ವಾನಾಕ್ರೈ ಎಂಬ ವೈರಸ್ ಬಂತು. ಜೂನ್ 27ರಂದು ಅದೇ ತೂತನ್ನು ಬಳಸಿಕೊಂಡು ನಾಟ್‌ಪೆಟ್ಯಾ ಎಂಬ ಇನ್ನೊಂದು ವೈರಸ್ ಬಂದು, ಇಲ್ಲೇ ಉರಣ್ ಪಕ್ಕದ ಜವಾಹರಲಾಲ್ ನೆಹರೂ ಬಂದರಿನ ಒಂದು ಕಂಟೇನರ್ ಟರ್ಮಿನಲ್ಲಿನ ಕೆಲಸವನ್ನು ನಿಲ್ಲಿಸಿತು. ತೇಪೆ ಸಿದ್ಧವಾಗಿ ಮೂರು ತಿಂಗಳಾಗಿತ್ತು.

ಎರಡನೆಯದು ಡೀಲರ್ ಬಿಟ್ಟುಹೋದ ಬಾಗಿಲು. ಬಿಲ್ಲಿಂಗ್ ತಂತ್ರಾಂಶ ಕೆಟ್ಟರೆ ದೂರದಿಂದಲೇ ಸರಿಮಾಡಲು ಎನಿಡೆಸ್ಕ್, ಟೀಮ್‌ವ್ಯೂವರ್ ಇಂಥದ್ದನ್ನು ಹಾಕಿರುತ್ತಾರೆ. ತಪ್ಪೇನಿಲ್ಲ. ಆದರೆ ನೀವು ಒಪ್ಪಿಗೆಯ ಬಟನ್ ಒತ್ತದೆಯೂ ಒಳಗೆ ಬರಬಹುದಾದ ಕಾಯಂ ಪಾಸ್‌ವರ್ಡ್ ಇಟ್ಟಿದ್ದರೆ ತಪ್ಪು. ಡೀಲರಿಗೆ ಫೋನ್ ಮಾಡಿ, "ಕಾಯಂ ಪಾಸ್‌ವರ್ಡ್ ತೆಗೆಯಿರಿ, ಕೆಲಸವಿದ್ದಾಗ ನಾನೇ ನಂಬರ್ ಹೇಳುತ್ತೇನೆ" ಎನ್ನಿ. ಗೊಣಗುತ್ತಾರೆ. ಗೊಣಗಲಿ.

ಮೂರನೆಯದು ಬ್ಯಾಕಪ್. ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ಲೆಕ್ಕವನ್ನೆಲ್ಲ ನಕಲು ಮಾಡಿ, ಡಿಸ್ಕನ್ನು ಕಿತ್ತು ಮನೆಗೆ ಒಯ್ಯಿರಿ. ಕಂಪ್ಯೂಟರಿಗೆ ಚುಚ್ಚಿಯೇ ಬಿಟ್ಟ ಡಿಸ್ಕು ಬ್ಯಾಕಪ್ ಅಲ್ಲ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಅದಕ್ಕೂ ಬೀಗ ಹಾಕುತ್ತದೆ. ಒಮ್ಮೆಯಾದರೂ ಆ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಕಳೆದ ತಿಂಗಳ ಜಿಎಸ್‌ಟಿ ಲೆಕ್ಕ ಸಿಗುತ್ತದೆಯೇ ನೋಡಿ.

6. ಕ್ಯೂಆರ್

ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದ ಮೇಲೆ ನಿಮ್ಮ ಎಲ್ಲ ಕ್ಯೂಆರ್ ಚೀಟಿಗಳನ್ನೂ ಸ್ಕ್ಯಾನ್ ಮಾಡಿ, ಹೋಟೆಲಿನ ಹೆಸರೇ ಬರುತ್ತಿದೆಯೇ ನೋಡಿ. ಮೇಲೆ ಬೇರೆ ಸ್ಟಿಕರ್ ಅಂಟಿಸುವುದು ಹಳೆಯ ಚಾಲಾಕಿ. ಗಿರಾಕಿ ತೋರಿಸುವ ಸ್ಕ್ರೀನಿಗೆ ಬೆಲೆ ಕೊಡಬೇಡಿ, ಹಸಿರು ಟಿಕ್ ತೋರಿಸುವ ನಕಲಿ ಆ್ಯಪುಗಳೇ ಇವೆ. ಸೌಂಡ್‌ಬಾಕ್ಸ್ ಕೂಗಬೇಕು, ಇಲ್ಲವೇ ನಿಮ್ಮ ಖಾತೆಯಲ್ಲಿ ಕಾಣಬೇಕು. ಹುಡುಗರಿಗೆ ಒಂದು ಮಾತು ಬಾಯಿಪಾಠವಾಗಿರಲಿ: ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತಿದೆ ಎಂದರ್ಥ.

7. ಫೋನುಗಳು, ಸಿಮ್ಮುಗಳು

ಊರಿನ ಬ್ರಹ್ಮಕಲಶದ ಕರೆಯೋಲೆ, ಮದುವೆಯ ಕಾಗದ, ಆರ್‌ಟಿಒ ಚಲನ್, ಏನೇ ಆಗಲಿ, ಫೈಲಿನ ಹೆಸರು ಎಪಿಕೆ ಎಂದು ಕೊನೆಯಾದರೆ ಮುಟ್ಟಬೇಡಿ. ಆಮಂತ್ರಣ ಪತ್ರಿಕೆ ಫೋಟೊ ಆಗಿರುತ್ತದೆ, ಇಲ್ಲವೇ ಪಿಡಿಎಫ್. ಎಪಿಕೆ ಎಂದರೆ ಆ್ಯಪ್, ಒಳಗೆ ಹೊಕ್ಕರೆ ನಿಮ್ಮ ಎಸ್ಎಂಎಸ್, ಓಟಿಪಿಗಳನ್ನು ಓದಿ ಹೊರಗೆ ಕಳಿಸಬಲ್ಲದು. ಪರಿಚಿತರ ನಂಬರಿನಿಂದಲೇ ಬಂದಿತ್ತು ಎಂಬುದು ಭರವಸೆಯಲ್ಲ, ಅವರ ಫೋನು ಮೊದಲೇ ವಂಚಕರ ಹಿಡಿತಕ್ಕೆ ಹೋಗಿರಬಹುದು. ವಾಟ್ಸ್ಆ್ಯಪಿನ ಸೆಟ್ಟಿಂಗ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, ಲಿಂಕ್ ಆದ ಸಾಧನಗಳ ಪಟ್ಟಿಯಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ.

ಹೋಟೆಲಿನವರಿಗೆ ವಿಶೇಷವಾಗಿ ಒಂದು. ಹೊಸದಾಗಿ ಮುಂಬಯಿಗೆ ಬಂದ ಹುಡುಗರಿಗೆ ಕಾಗದಪತ್ರ ಇಲ್ಲವೆಂದು ಶೆಟ್ರೋ ಭಟ್ರೋ ತಮ್ಮ ಹೆಸರಿನಲ್ಲೇ ಸಿಮ್ ಕೊಡಿಸುವುದುಂಟು. ಹುಡುಗ ಕೆಲಸ ಬಿಟ್ಟು ಹೋಗುತ್ತಾನೆ, ಸಿಮ್ ಎಲ್ಲಿಗೋ ಹೋಗುತ್ತದೆ, ಅದರಿಂದ ವಂಚನೆ ನಡೆದರೆ ಪೊಲೀಸರು ಹುಡುಕಿಕೊಂಡು ಬರುವುದು ಗಲ್ಲಾದಲ್ಲಿ ಕುಳಿತವರನ್ನು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ನಿಮ್ಮದಲ್ಲದ್ದನ್ನೂ ಈಗ ಬೇಡವಾದದ್ದನ್ನೂ ಅಲ್ಲೇ ಗುರುತು ಹಾಕಿ ತಿಳಿಸಿ.

ಊರಿನಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮನಿಗೆ ಈ ಭಾನುವಾರದ ಫೋನಿನಲ್ಲೇ ಹೇಳಿ: ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. "ನಿಮ್ಮ ಮಗನ ಹೆಸರಿನಲ್ಲಿ ಮುಂಬಯಿಯಲ್ಲಿ ಪಾರ್ಸೆಲ್ ಸಿಕ್ಕಿದೆ" ಎಂದು ವಿಡಿಯೊ ಕಾಲಿನಲ್ಲಿ ಯೂನಿಫಾರ್ಮ್ ತೋರಿಸುವವನು ಪೊಲೀಸನಲ್ಲ.

8. ದುಡ್ಡು ಹೋಗಿಯೇಬಿಟ್ಟರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಠಾಣೆಗೆ ಹೋಗುವುದು, ಸಂಘದ ಅಧ್ಯಕ್ಷರಿಗೆ ಹೇಳುವುದು ಆಮೇಲೆ. ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ, ಬೇಗ ತಿಳಿಸಿದರೆ ನಡುವೆ ಎಲ್ಲಾದರೂ ತಡೆಹಿಡಿಯುವ ಅವಕಾಶವಿದೆ. ಖಾತೆಯ ವಿವರ, ಮೊತ್ತ, ಹೋದ ಸಮಯ, ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಅದೇ ದೂರನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದಾಖಲಿಸಿ. ಜೊತೆಗೇ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂಬಂಥ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳುವುದಿಲ್ಲ. ಓಟಿಪಿಯನ್ನೋ ಪಿನ್ನನ್ನೋ ನೀವೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಆದ್ದರಿಂದ ಅಲ್ಲೂ ತಡಮಾಡಿದಷ್ಟು ಹೊರೆ ಹೆಚ್ಚು.

ಎಪಿಕೆ ಹೊಕ್ಕ ಫೋನಾದರೆ ಏರ್‌ಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಮಾಡಿ, 1930ಕ್ಕೂ ಬ್ಯಾಂಕಿಗೂ ಬೇರೆಯವರ ಫೋನಿನಿಂದ ಮಾತಾಡಿ. ಚಾಟು, ಎಸ್ಎಂಎಸ್, ಬಂದ ಫೈಲು ಯಾವುದನ್ನೂ ಅಳಿಸಬೇಡಿ, ಬೇರೆ ಫೋನಿನಿಂದ ಅವುಗಳ ಚಿತ್ರ ತೆಗೆದಿಟ್ಟುಕೊಳ್ಳಿ. ರಿಪೇರಿ ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಹೊಡೆಸುವುದು ದೂರು ದಾಖಲಾಗಿ, ಸೈಬರ್ ಪೊಲೀಸರು ಸರಿ ಎಂದ ಮೇಲೆ.