ಮೊಳೆ ತೂಗುವ ಮಷೀನ್ ಮೇಲೆ ನಿಂತ ದಿನ

ದಾವಣಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ಬೈಂಡಿಂಗ್ ವೈರ್, ಸರಪಳಿ ಎಲ್ಲ ಕೆಜಿ ಲೆಕ್ಕದಲ್ಲಿ ಮಾರುತ್ತೇನೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ದೊಡ್ಡ ತೂಕದ ಮಷೀನ್. ದಿನಕ್ಕೆ ಐವತ್ತು ಸಲ ಅದರ ನಂಬರ್ ನೋಡುತ್ತೇನೆ. ಆದರೆ ನಾಲ್ಕು ವರ್ಷ ನಾನು ಮಾತ್ರ ಅದರ ಮೇಲೆ ಕಾಲಿಟ್ಟಿರಲಿಲ್ಲ.

2015ರಲ್ಲಿ ಬೆಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಕಾಯಿ ಆಕಾರದ ಸಣ್ಣ ಚೀಲ ಉಳಿಸುತ್ತಾರೆ. ಆಗ ನಾನು 126 ಕೆಜಿ. ಶುಗರ್‌ಗೆ ಎರಡು ಮಾತ್ರೆ, ಬಿಪಿಗೆ ಒಂದು. ಒಂದೂವರೆ ವರ್ಷದಲ್ಲಿ 79ಕ್ಕೆ ಇಳಿದೆ. ಮೂರೂ ಮಾತ್ರೆ ನಿಂತವು. ನಮ್ಮ ಟೈಲರ್ ನನ್ನ ಪ್ಯಾಂಟುಗಳನ್ನು ಮೂರು ಸಲ ಒಳಗೆ ಹಿಡಿದ. ಮದುವೆ ಮನೆಗಳಲ್ಲಿ ಜನ ಗುರುತು ಹಿಡಿಯದೆ ಮುಂದೆ ಹೋಗುತ್ತಿದ್ದರು. ಅದೊಂದು ಮಜಾ ಇತ್ತು, ಸುಳ್ಳು ಹೇಳಲಾರೆ.

2019ರ ಹೊತ್ತಿಗೆ ಬೆಲ್ಟಿನ ತೂತು ಒಂದು ಹಿಂದಕ್ಕೆ ಹೋಯಿತು. ಆವಾಗಲೇ ತೂಕ ನೋಡುವುದು ಬಿಟ್ಟೆ. ಆಸ್ಪತ್ರೆಗೆ ಹೋಗುವುದನ್ನೂ ಬಿಟ್ಟೆ. ವಿಟಮಿನ್ ಮಾತ್ರೆ ಖಾಲಿಯಾದ ಮೇಲೆ ತರಲಿಲ್ಲ. 2022ರ ದೀಪಾವಳಿಗೆ ಅದೇ ಪ್ಯಾಂಟು ಹಿಡಿದುಕೊಂಡು ಅದೇ ಟೈಲರ್ ಹತ್ತಿರ ಹೋದೆ. ಅವನು ನನ್ನ ಮುಖ ನೋಡದೆ ಹೇಳಿದ: ‘ಒಳಗೆ ಬಟ್ಟೆ ಬಿಟ್ಟಿದ್ದೀನಿ ಅಣ್ಣ, ಹೊಲಿಗೆ ಬಿಚ್ಚಿದರೆ ಆಯ್ತು.’ ಅವನಿಗೆ ಮೊದಲೇ ಗೊತ್ತಿತ್ತು ಅಂತ ಆಯ್ತಲ್ಲ. ಮನೆಗೆ ಬಂದವನು ಊಟ ಮಾಡಲಿಲ್ಲ. ಊಟ ಮಾಡಲಿಲ್ಲ ಅಂದರೆ, ಹತ್ತು ಗಂಟೆಗೆ ಡಬ್ಬಿಯಿಂದ ಚಕ್ಕುಲಿ ತಿಂದೆ.

ಕೆಲವು ತಿಂಗಳು ಬಿಟ್ಟು, ಒಂದು ರಾತ್ರಿ ಶಟರ್ ಅರ್ಧ ಎಳೆದು, ಹುಡುಗರನ್ನು ಕಳಿಸಿ, ಮಷೀನ್ ಮೇಲೆ ನಿಂತೆ. 98.4. ಇಳಿಸಿದ್ದು 47 ಕೆಜಿ, ವಾಪಸ್ ಬಂದದ್ದು 19ಕ್ಕೂ ಜಾಸ್ತಿ.

ಡಾಕ್ಟರ್ ಎದುರು ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಕೂತಿದ್ದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಆಪರೇಷನ್ ಆದ ಮೇಲೆ ಸ್ವಲ್ಪ ತೂಕ ವಾಪಸ್ ಬರುವುದು ತುಂಬ ಜನರಿಗೆ ಆಗುತ್ತದೆ ಅಂದರು. ಹಸಿವು ಎಬ್ಬಿಸುವ ಗ್ರೆಲಿನ್ ಎನ್ನುವ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಭಾಗದಲ್ಲೇ. ಅದಕ್ಕೇ ಮೊದಮೊದಲು ಹಸಿವು ಅಷ್ಟಾಗಿ ಅನಿಸುವುದಿಲ್ಲ. ಆಮೇಲೆ ಹಸಿವು ಮೆಲ್ಲಗೆ ವಾಪಸ್ ಬರುತ್ತದೆ. ಮೈ ಇಳಿದಷ್ಟೂ ದೇಹ ಖರ್ಚು ಮಾಡುವ ಕ್ಯಾಲೊರಿಯೂ ಇಳಿಯುತ್ತದೆ. ‘ಇದು ವಾಸಿಯಾಗಿ ಹೋಗುವ ಕಾಯಿಲೆ ಅಲ್ಲ ಸರ್, ಬಿಪಿ ಹಾಗೇ ನೋಡಿಕೊಳ್ಳುತ್ತಾ ಇರಬೇಕು’ ಅಂದರು. ನಾಲ್ಕು ವರ್ಷ ನಾಚಿಕೊಂಡು ಕೂತಿದ್ದು ಯಾಕೆ ಅಂತ ಅನಿಸಿತು.

ಎಂಡೋಸ್ಕೋಪಿ ಆಯಿತು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಚೀಲ ಸ್ವಲ್ಪ ಹಿಗ್ಗಿತ್ತು, ಆದರೆ 19 ಕೆಜಿಗೆ ಅದೊಂದೇ ಕಾರಣ ಅನ್ನುವಷ್ಟಲ್ಲ. ರಕ್ತದಲ್ಲಿ ಬಿ12 ತಳ ಹಿಡಿದಿತ್ತು. ಪಾದ ಜುಮ್ಮೆನ್ನುತ್ತಿದ್ದದ್ದು, ಮಧ್ಯಾಹ್ನದ ಸುಸ್ತು ಅದರಿಂದಲೇ ಇರಬೇಕು ಅಂದರು. ನಾನು ವಯಸ್ಸಾಯಿತು ಅಂದುಕೊಂಡಿದ್ದೆ. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 7.1, ಅಂದರೆ ಮಾತ್ರೆ ಮತ್ತೆ ಶುರು.

‘ನಾನು ತಿನ್ನೋದೇ ಒಂದೂವರೆ ರೊಟ್ಟಿ ಮೇಡಂ’ ಅಂತ ಡಯಟೀಷಿಯನ್ ಹತ್ತಿರ ವಾದ ಮಾಡಿದೆ. ನಿಜ, ತಟ್ಟೆ ಮುಂದೆ ಕೂತರೆ ಇವತ್ತಿಗೂ ಒಂದೂವರೆ ಜೋಳದ ರೊಟ್ಟಿಗೆ ಹೊಟ್ಟೆ ನಿಲ್ಲಿಸುತ್ತದೆ. ಅವರು ನಕ್ಕು, ಏಳು ದಿನ ಬಾಯಿಗೆ ಹೋದದ್ದೆಲ್ಲ ಬರೆಯಿರಿ ಅಂದರು. ಉದ್ರಿ ಖಾತೆ ಬರೆಯುವವನಿಗೆ ಇದೇನು ದೊಡ್ಡದು? ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ.

ಮೂರನೇ ದಿನಕ್ಕೇ ಕಳ್ಳ ಸಿಕ್ಕ. ಗಿರಾಕಿ ಬಂದಾಗಲೆಲ್ಲ ಅರ್ಧ ಕಪ್ ಚಹಾ. ದಿನಕ್ಕೆ ಒಂಬತ್ತು. ಒಂದೊಂದಕ್ಕೆ ಒಂದೂವರೆ ಚಮಚ ಸಕ್ಕರೆ ಹಿಡಿದರೂ ದಿನಕ್ಕೆ ಹದಿಮೂರು ಚಮಚ ದಾಟಿತು. ಐದು ಗಂಟೆಗೆ ಮಂಡಕ್ಕಿ, ಜೊತೆಗೆ ಮಿರ್ಚಿ. ದಾವಣಗೆರೆಯಲ್ಲಿ ಅಂಗಡಿ ಇಟ್ಟುಕೊಂಡು ಮಂಡಕ್ಕಿ ಮಿರ್ಚಿ ಬೇಡ ಅನ್ನುವುದು ಹೇಗೆ ಹೇಳಿ? ಆಮೇಲೆ ಟಿವಿ ಮುಂದೆ ಖಾರ, ಬಿಸ್ಕತ್ತು.

ಇದರ ಗುಟ್ಟು ಮೇಡಂ ಬಿಡಿಸಿ ಹೇಳಿದರು. ರೊಟ್ಟಿ, ಕಾಳು, ಪನೀರ್ ಇವೆಲ್ಲ ಸಣ್ಣ ಚೀಲದಲ್ಲಿ ಕೂರುತ್ತವೆ, ಸಾಕು ಅನಿಸುತ್ತದೆ. ಮಂಡಕ್ಕಿ, ಬಿಸ್ಕತ್ತು ಬಾಯಲ್ಲೇ ಕರಗಿ ಜಾರಿ ಹೋಗುತ್ತವೆ. ಮೇಲೆ ಚಹಾ ಕುಡಿದರೆ ಇನ್ನೂ ಬೇಗ. ಚೀಲ ತುಂಬುವುದೇ ಇಲ್ಲ, ಹಾಗಾಗಿ ಸಾಕು ಅನ್ನುವ ಗಂಟೆಯೂ ಬಾರಿಸುವುದಿಲ್ಲ. ಆಪರೇಷನ್ ನನ್ನ ಊಟಕ್ಕೆ ಬೀಗ ಹಾಕಿತ್ತು. ನಾನು ಕುರುಕಲಿನ ಕಿಟಕಿಯಿಂದ ಒಳಗೆ ಬಂದಿದ್ದೆ. ವ್ಯಾಪಾರದಲ್ಲೂ ಹೀಗೇ ಅಲ್ವಾ? ದೊಡ್ಡ ಉದ್ರಿ ಕಣ್ಣಿಗೆ ಬೀಳುತ್ತದೆ, ಅಂಗಡಿ ಮುಳುಗಿಸುವುದು ಇಪ್ಪತ್ತು ಮೂವತ್ತರ ಚಿಲ್ಲರೆ ಉದ್ರಿ.

ಬದಲಾಯಿಸಿದ್ದು ಬಹಳ ಇಲ್ಲ. ಚಹಾ ದಿನಕ್ಕೆ ಎರಡು, ಸಕ್ಕರೆ ಇಲ್ಲ. ಮೊದಲ ವಾರ ತಲೆನೋವು ಬಂದು ಹುಡುಗರ ಮೇಲೆಲ್ಲ ರೇಗಾಡಿದೆ. ಊಟವಾದ ಅರ್ಧ ಗಂಟೆ ನೀರಿಲ್ಲ. ಈ ನಿಯಮ 2015ರಲ್ಲೇ ಹೇಳಿದ್ದರು, ಮರೆತೇ ಹೋಗಿತ್ತು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕಂತೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಬೆಳಿಗ್ಗೆ ಮಜ್ಜಿಗೆಗೆ ಒಂದು ಅಳತೆ ವೇ ಪೌಡರ್ (ಹಾಲಿನ ಪ್ರೋಟೀನ್ ಪುಡಿ), ಮಧ್ಯಾಹ್ನ ಹೆಸರುಕಾಳು ಅಥವಾ ಮಡಕೆಕಾಳಿನ ಪಲ್ಯ, ಸಂಜೆ 100 ಗ್ರಾಂ ಪನೀರ್, ರಾತ್ರಿ ಸೋಯಾ. ತಟ್ಟೆಯಲ್ಲಿ ಮೊದಲು ಪಲ್ಯ, ಕೊನೆಗೆ ಜಾಗ ಇದ್ದರೆ ರೊಟ್ಟಿ. ಇದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ‘ಬಿಸಿ ರೊಟ್ಟಿ ಆರಿ ಹೋಗುತ್ತೆ ರೀ, ಯಾರಿಗೆ ಬಡಿದೆ ನಾನು?’ ಅಂತ ಹೆಂಡತಿ ಕೇಳಿದಳು. ಈಗ ನಾನು ಪಲ್ಯ ಮುಗಿಸುವ ತನಕ ಅವಳು ಹಂಚಿಗೆ ರೊಟ್ಟಿ ಹಾಕುವುದಿಲ್ಲ.

ಬೇಗ ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ ಅಂತ ಗೊತ್ತಾದ ಮೇಲೆ ಬರೀ ವಾಕಿಂಗ್ ಸಾಲದು ಅನಿಸಿತು. ಜಿಮ್‌ಗೆ ಹೋಗಲು ನಾಚಿಕೆ. ಫಿಸಿಯೋಥೆರಪಿಸ್ಟ್ ಹತ್ತಿರ ಬೈಠಕ್ ಹೊಡೆಯುವ ಸರಿಯಾದ ರೀತಿ ಕಲಿತು, ಅಂಗಡಿಯಲ್ಲೇ ಎರಡು ಕೈಗೆ ನಾಲ್ಕು ಲೀಟರಿನ ಪೇಂಟ್ ಡಬ್ಬ ಹಿಡಿದು ಶುರು ಮಾಡಿದೆ. ವಾರಕ್ಕೆ ಮೂರು ದಿನ, ಶಟರ್ ತೆಗೆಯುವ ಮುಂಚೆ.

ಒಂದು ವರ್ಷದಲ್ಲಿ 89ಕ್ಕೆ ಬಂದೆ. ಅಲ್ಲಿಂದ ಅಲ್ಲಾಡುತ್ತಿಲ್ಲ. 79 ಇನ್ನು ಕನಸೇ ಇರಬಹುದು. ಶುಗರ್ ಮಾತ್ರೆ ಅರ್ಧಕ್ಕೆ ಇಳಿದಿದೆ, ಬಿ12 ಸೂಜಿ ತಪ್ಪಿಸುವುದಿಲ್ಲ. 2025ರಲ್ಲಿ ಶುಗರ್ ಮತ್ತು ತೂಕ ಇಳಿಸುವ ಮೌಂಜಾರೊ ಎನ್ನುವ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂದಾಗ ಗಿರಾಕಿಗಳೂ ಅದರ ಬಗ್ಗೆ ಕೇಳತೊಡಗಿದರು. ನಾನೂ ಡಾಕ್ಟರನ್ನು ಕೇಳಿದೆ. ಆಪರೇಷನ್ ಆದವರಿಗೂ ಕೊಡುತ್ತಾರೆ, ನಿಲ್ಲಿಸಿದರೆ ತೂಕ ಮತ್ತೆ ಏರುವುದು ಸಾಮಾನ್ಯ, ಖರ್ಚೂ ಇದೆ. ಊಟ ಸಣ್ಣ ಕರುಳಿನ ಮೊದಲ ಭಾಗವನ್ನು ತಪ್ಪಿಸಿ ಹೋಗುವಂತೆ ಚೀಲವನ್ನು ಬೈಪಾಸ್‌ಗೆ ಬದಲಾಯಿಸುವ ಎರಡನೇ ಆಪರೇಷನ್ ಕೂಡ ಇದೆ. 92 ದಾಟಿದರೆ ಇವೆರಡರ ಮಾತು ಶುರು ಮಾಡೋಣ ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ. ಔಷಧಿ ತೆಗೆದುಕೊಂಡರೆ ಸೋತ ಹಾಗೆ ಅಂತ ನನಗೇನೂ ಅನಿಸುವುದಿಲ್ಲ. ಬಿಪಿ ಮಾತ್ರೆ ನುಂಗುವವನನ್ನು ಯಾರಾದರೂ ಸೋತ ಅಂತಾರಾ?

ಪ್ರತಿ ಸೋಮವಾರ ಬೆಳಿಗ್ಗೆ, ಮೊದಲ ಬೋಣಿಗೂ ಮುಂಚೆ, ಮಷೀನ್ ಮೇಲೆ ನಿಲ್ಲುತ್ತೇನೆ. ಹುಡುಗ ನಂಬರ್ ಓದುತ್ತಾನೆ, ನಾನು ಬರೆಯುತ್ತೇನೆ. ಎರಡು ವಾರದ ಹಿಂದೆ 88.9. ಈ ವಾರ 89.7. ತಮ್ಮನ ಮನೆಯ ಗೃಹಪ್ರವೇಶದಲ್ಲಿ ಎರಡು ಹೋಳಿಗೆ ತಿಂದಿದ್ದೆ, ತುಪ್ಪ ಹಾಕಿಕೊಂಡು. ಅದನ್ನೂ ಪಕ್ಕದಲ್ಲಿ ಬರೆದಿದ್ದೇನೆ.