ಅಲಾಸ್ಕಾ ಕ್ರೂಸ್: ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

‘ಏಳು ರಾತ್ರಿ ಅಲಾಸ್ಕಾ’ ಎಂಬ ಜಾಹೀರಾತು ನೋಡಿದ ಕೂಡಲೇ ಏಳು ದಿನ ಅಲಾಸ್ಕಾ ಸುತ್ತಬಹುದು ಅನ್ನಿಸುತ್ತದೆ, ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು. ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಸಿಯಾಟಲ್‌ನಲ್ಲಿ ಹಡಗು ಹತ್ತಿದೆವು. ಎರಡನೇ ದಿನ ಸಂಜೆಯಾದರೂ ಸುತ್ತ ಬರೀ ನೀರು. ಅಮ್ಮ ಕಿಟಕಿಯಿಂದ ಮುಖ ತಿರುಗಿಸಿ, ‘ಎಲ್ಲೋ ನಿನ್ನ ಅಲಾಸ್ಕಾ?’ ಅಂದರು.

ಆ ಪ್ರವಾಸದ ಲೆಕ್ಕವನ್ನು ಆಮೇಲೆ ಹಾಕಿ ನೋಡಿದೆ. ಮೊದಲ ದಿನ ಹಡಗು ದಡ ಬಿಟ್ಟಾಗ ಸಂಜೆ ನಾಲ್ಕು. ಎರಡನೇ ದಿನ ಪೂರ್ತಿ ಸಮುದ್ರ. ಆಮೇಲೆ ಅಲಾಸ್ಕಾದ ಬಂದರುಗಳು: ಜುನೋ ಒಂದು ದಿನ, ಸ್ಕ್ಯಾಗ್ವೇ ಒಂದು ದಿನ, ಹಿಮನದಿ ನೋಡಲು ಒಂದು ದಿನ. ಕೆಚಿಕನ್‌ನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತ್ರ. ಏಳನೇ ದಿನ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆಯ ಮೂರ್ನಾಲ್ಕು ಗಂಟೆ. ಎಂಟನೇ ದಿನ ತಿಂಡಿ ಮುಗಿಯುತ್ತಿದ್ದಂತೆ ಕೆಳಗಿಳಿಸಿದರು. ಅಲಾಸ್ಕಾದ ನೆಲದ ಮೇಲೆ ನಾವು ಇದ್ದದ್ದು ಒಟ್ಟು ಇಪ್ಪತ್ತೈದು ಗಂಟೆ. ಸಿಯಾಟಲ್‌ನಿಂದ ಹೊರಡುವ ಏಳು ರಾತ್ರಿಯ ಪ್ರವಾಸಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಹಾಗಂತ ಏಳು ರಾತ್ರಿ ಕಡಿಮೆ ಅಂತಲ್ಲ. ಬಹಳ ಜನಕ್ಕೆ ಅದೇ ಸರಿ. ಆದರೆ ಯಾವ ಏಳು, ಅದರ ಹಿಂದೆ ಮುಂದೆ ಏನು ಸೇರಿಸಬೇಕು ಅನ್ನುವುದರಲ್ಲಿ ಎಲ್ಲ ಇದೆ.

ಮೊದಲು ಗಂಟೆ ಎಣಿಸಿ

ಪ್ರತಿ ಹಡಗಿನ ದಿನವಾರು ಪಟ್ಟಿ ಬುಕ್ ಮಾಡುವ ಮುಂಚೆಯೇ ಸಿಗುತ್ತದೆ. ಯಾವ ಬಂದರಿಗೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಬಿಡುತ್ತದೆ ಅಂತ ಅದರಲ್ಲಿರುತ್ತದೆ. ಒಂದು ಕಾಗದದ ಮೇಲೆ ಅದನ್ನು ಬರೆದುಕೊಳ್ಳಿ. ಪ್ರತಿ ಬಂದರಿಗೂ ಒಂದೂವರೆ ಗಂಟೆ ಕಳೆಯಿರಿ. ಇಳಿಯುವಾಗ ಸಾಲು ಇರುತ್ತದೆ, ಹಡಗು ಬಿಡುವ ಅರ್ಧ ಗಂಟೆ ಮೊದಲೇ ವಾಪಸ್ ಇರಬೇಕು. ‘ಟೆಂಡರ್’ ಎಂದು ಬರೆದಿದ್ದರೆ ಇನ್ನೊಂದು ಗಂಟೆ ಕಳೆಯಿರಿ. ಅಂದರೆ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು.

ಉಳಿದ ಗಂಟೆಗಳಲ್ಲಿ ಏನು ಹಿಡಿಸುತ್ತದೆ ನೋಡಿ. ಜುನೋ ಅಲಾಸ್ಕಾದ ರಾಜಧಾನಿ. ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆ ಇಲ್ಲ, ವಿಮಾನ ಅಥವಾ ಹಡಗಿನಲ್ಲೇ ಬರಬೇಕು. ಪೇಟೆಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಮೆಂಡೆನ್‌ಹಾಲ್ ಹಿಮನದಿ. ಅದಕ್ಕೆ ಮೂರು ಗಂಟೆ ಬೇಕು. ತಿಮಿಂಗಿಲ ನೋಡುವ ದೋಣಿಗೆ ಮೂರೂವರೆ, ನಾಲ್ಕು. ಎರಡೂ ಬೇಕಾದರೆ ಹಡಗು ಅಲ್ಲಿ ಒಂಬತ್ತು ಹತ್ತು ಗಂಟೆ ನಿಲ್ಲಬೇಕು. ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು ಇದೆ. ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ ಬೆಟ್ಟ ಕಡಿದು ಹಾಕಿದ ಸಣ್ಣ ಹಳಿ. ಕಣಿವೆಯ ಅಂಚಿನಲ್ಲೇ ಹತ್ತುತ್ತದೆ. ಮೇಲೆ ಹೋಗಿ ಬರಲು ಮೂರು ಗಂಟೆ ಸಾಕು. ಉಳಿದ ಹೊತ್ತಿಗೆ ಊರು ಸುತ್ತಬಹುದು, ಊರೇ ನಾಲ್ಕು ಬೀದಿ.

ಈ ಲೆಕ್ಕ ಮಾಡಿದರೆ ಒಂದು ವಿಚಿತ್ರ ಕಾಣುತ್ತದೆ. ಎರಡು ಏಳು ರಾತ್ರಿ ಪ್ರವಾಸಗಳ ನಡುವೆ ಹತ್ತು ಹನ್ನೆರಡು ಗಂಟೆ ವ್ಯತ್ಯಾಸ ಇರಬಹುದು. ಬೆಲೆ ಮಾತ್ರ ಒಂದೇ.

ರಜೆಯ ಎರಡೂ ತುದಿ ನೋಡಿ

ಬೆಂಗಳೂರಿನಿಂದ ಹೊರಡುವವರಿಗೆ ಏಳು ರಾತ್ರಿಯ ಕ್ರೂಸ್ ಅಂದರೆ ಕನಿಷ್ಠ ಹನ್ನೆರಡು ದಿನ ರಜೆ. ಸಿಯಾಟಲ್ ಅಥವಾ ಕೆನಡಾದ ವ್ಯಾಂಕೋವರ್ ಮುಟ್ಟಲು ಮಧ್ಯೆ ವಿಮಾನ ಬದಲಿಸಿ ಇಪ್ಪತ್ತು ಗಂಟೆಗೂ ಜಾಸ್ತಿ ಬೇಕು. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ಪೂರ್ತಿ ತಲೆಕೆಳಗು. ಅದೇ ದಿನ ಇಳಿದು ಅದೇ ದಿನ ಹಡಗು ಹತ್ತುತ್ತೇನೆ ಅನ್ನಬೇಡಿ. ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ. ಎರಡು ದಿನ ಮೊದಲೇ ಹೋಗಿ. ಸಮುದ್ರದ ಮೊದಲ ದಿನ ನಿದ್ದೆ ಹೊಡೆಯುವುದು ಬೇರೆ, ಹಿಮನದಿಯ ಮುಂದೆ ತೂಕಡಿಸುವುದು ಬೇರೆ.

ಅಷ್ಟು ದೂರ ಹೋಗುವವರು ಬರೀ ಏಳು ರಾತ್ರಿ ಮುಗಿಸಿ ಬರುವುದು ನನ್ನ ಪ್ರಕಾರ ದಂಡ. ಮೂರ್ನಾಲ್ಕು ದಿನ ಸೇರಿಸಿ. ಆದರೆ ಹಡಗಿನಲ್ಲಿ ಅಲ್ಲ, ನೆಲದ ಮೇಲೆ. ಅದಕ್ಕೆ ಮುಂದೆ ಬರುತ್ತೇನೆ.

ಸಿಯಾಟಲ್ ಪಕ್ಕದ ರೆಡ್ಮಂಡ್, ಬೆಲ್ವ್ಯೂ ಕಡೆ ಕೆಲಸದಲ್ಲಿರುವ ನಮ್ಮವರಿಗೆ ಲೆಕ್ಕ ಬೇರೆ. ಮನೆಯಿಂದ ಟ್ಯಾಕ್ಸಿಯಲ್ಲಿ ಹೋಗಿ ಹಡಗು ಹತ್ತಬಹುದು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯಲು ಸಿಯಾಟಲ್ ಪ್ರವಾಸ ಸಲೀಸು. ಪೆಟ್ಟಿಗೆ ಬಿಚ್ಚುವುದು ಒಂದೇ ಸಲ, ಮೆಟ್ಟಿಲು ಹತ್ತುವ ಕಷ್ಟವೂ ಇಲ್ಲ.

ಒಂದು ವಿಷಯ ಮಾತ್ರ ಮರೆಯಬೇಡಿ: ಕೆನಡಾ ವೀಸಾ. ಹಡಗು ವಿಕ್ಟೋರಿಯಾದಲ್ಲಿ ನಾಲ್ಕೇ ಗಂಟೆ ನಿಂತರೂ, ನೀವು ಕೆಳಗೆ ಇಳಿಯದಿದ್ದರೂ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅದು ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ವೀಸಾ ಬೇಡ. ಎಚ್-1ಬಿಯಲ್ಲಿ ಇರುವವರಿಗೂ, ಪ್ರವಾಸಿ ವೀಸಾದಲ್ಲಿ ಬಂದ ಹಿರಿಯರಿಗೂ ಬೇಕು. ನಮಗೆ ಬುಕ್ ಮಾಡಿಕೊಟ್ಟ ಏಜೆಂಟ್ ‘ಅಮೆರಿಕದಿಂದ ಅಮೆರಿಕಕ್ಕೆ, ಏನೂ ಬೇಡ’ ಅಂದಿದ್ದರು. ಗೆಳೆಯರೊಬ್ಬರು ಎಚ್ಚರಿಸದಿದ್ದರೆ ಅಪ್ಪ ಅಮ್ಮನನ್ನು ಬಂದರಿನಿಂದಲೇ ವಾಪಸ್ ಕಳಿಸುತ್ತಿದ್ದರು. ಹಿರಿಯರು ಊರಿನಿಂದ ಹೊರಡುವ ಮೊದಲೇ ಅದನ್ನು ಮಾಡಿಸಿಬಿಡಿ.

ಹೋಗಿ ಬರುವುದಾ, ಒಂದೇ ದಿಕ್ಕಾ?

ಅಮೆರಿಕದಿಂದ ಹೊರಟ ಹಡಗು ವಿಕ್ಟೋರಿಯಾಕ್ಕೆ ಯಾಕೆ ಹೋಗಬೇಕು ಅಂತ ಅಪ್ಪನೂ ಕೇಳಿದ್ದರು. ಕಾರಣ 1886ರ ಒಂದು ಕಾನೂನು. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಸಿಯಾಟಲ್‌ನಿಂದ ಜನರನ್ನು ಹತ್ತಿಸಿಕೊಂಡು, ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ವಾಪಸ್ ಬರುವಂತಿಲ್ಲ. ಮಧ್ಯೆ ಹೊರದೇಶದ ಒಂದು ಬಂದರು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಎಲ್ಲವೂ ಬಹಾಮಾಸ್, ಬರ್ಮುಡಾ, ಪನಾಮಾ ಅಂಥ ಕಡೆ ನೋಂದಣಿಯಾದವು. ಕೋವಿಡ್ ಕಾಲದಲ್ಲಿ ಕೆನಡಾ ಬಂದರು ಮುಚ್ಚಿದಾಗ, ಅಲಾಸ್ಕಾ ಕ್ರೂಸ್ ನಡೆಸಲು 2021ರಲ್ಲಿ ಅಮೆರಿಕ ತಾತ್ಕಾಲಿಕ ಕಾನೂನನ್ನೇ ಮಾಡಬೇಕಾಯಿತು. ನಿಮ್ಮ ಏಳು ರಾತ್ರಿಯಲ್ಲಿ ಒಂದು ಸಂಜೆ ಹೋಗುವುದು ಈ ಹಳೇ ಕಾನೂನಿಗೆ.

ಇನ್ನೊಂದು ವ್ಯತ್ಯಾಸ ಜಾಹೀರಾತಿನಲ್ಲಿ ಕಾಣುವುದಿಲ್ಲ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಹೆಚ್ಚಾಗಿ ವ್ಯಾಂಕೋವರ್ ದ್ವೀಪದ ಹೊರಗಿನಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಅಲೆ ಜಾಸ್ತಿ, ನೋಟ ಕಡಿಮೆ. ವ್ಯಾಂಕೋವರ್ ನಗರದಿಂದ ಹೊರಡುವವು ದ್ವೀಪಕ್ಕೂ ನೆಲಕ್ಕೂ ನಡುವಿನ ‘ಇನ್‌ಸೈಡ್ ಪ್ಯಾಸೇಜ್’ ಹಿಡಿಯುತ್ತವೆ. ಎರಡೂ ಬದಿ ಕಾಡು, ಬೆಟ್ಟ. ನೀರು ಕೆರೆಯಂತೆ ಶಾಂತ. ಬಂದರು ಇಲ್ಲದ ದಿನವೂ ಅಲ್ಲಿ ನೋಡುವ ದಿನವೇ. ಹೊಟ್ಟೆ ತೊಳಸುವ ಸ್ವಭಾವದವರು ಇದನ್ನೇ ಹಿಡಿಯುವುದು ಒಳ್ಳೆಯದು.

ವ್ಯಾಂಕೋವರ್‌ನಿಂದ ಒಂದೇ ದಿಕ್ಕಿನ ಪ್ರವಾಸವೂ ಇದೆ. ಏಳು ರಾತ್ರಿಯ ಕೊನೆಗೆ ಉತ್ತರದ ಸೀವರ್ಡ್ ಅಥವಾ ವಿಟ್ಟಿಯರ್‌ನಲ್ಲಿ ಇಳಿಸುತ್ತಾರೆ. ಅಲ್ಲಿಂದ ಅಲಾಸ್ಕಾದ ದೊಡ್ಡ ನಗರ ಆಂಕರೇಜ್‌ಗೆ ರಸ್ತೆ, ರೈಲು ಎರಡೂ ಇವೆ. ಬಂದ ದಾರಿಯಲ್ಲೇ ವಾಪಸ್ ಹೋಗುವ ಎರಡು ದಿನ ಉಳಿಯುತ್ತದೆ. ವಿಮಾನದ ಖರ್ಚು ಹೆಚ್ಚು, ನಿಜ. ಆದರೆ ದೂರದಿಂದ ಬರುವವರಿಗೆ ನಾನು ಹೇಳುವುದು ಇದನ್ನೇ.

ಹಿಮನದಿಯ ದಿನ ಯಾವುದು?

ಅವಧಿಗಿಂತ ಮುಖ್ಯವಾದ ಸಾಲು ಇದು. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗು ಬಿಡುತ್ತಾರೆ. ಹಾಗಾಗಿ ಎಲ್ಲ ಕಂಪನಿಗಳಿಗೂ ಅದು ಸಿಗುವುದಿಲ್ಲ. ಅಲ್ಲಿ ಹಡಗು ಯಾವ ದಡಕ್ಕೂ ತಾಗುವುದಿಲ್ಲ. ಉದ್ಯಾನದ ರೇಂಜರ್‌ಗಳೇ ದೋಣಿಯಲ್ಲಿ ಬಂದು ಹಡಗು ಹತ್ತಿ, ದಿನವಿಡೀ ವಿವರಣೆ ಕೊಡುತ್ತಾರೆ. ಸುಮಾರು 1750ರಲ್ಲಿ ಈ ಕೊಲ್ಲಿ ಪೂರ್ತಿ ಮಂಜುಗಡ್ಡೆಯೇ ಆಗಿತ್ತು. ಆಮೇಲೆ ಅದು ನೂರು ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿದಿದೆ. ನೀವು ತೇಲುತ್ತಿರುವ ಜಾಗ ಆಗ ಗಟ್ಟಿ ಹಿಮ.

ಹಬ್ಬರ್ಡ್ ಇದಕ್ಕೆ ಉಲ್ಟಾ. 120 ಕಿಲೋಮೀಟರ್ ಉದ್ದದ ಈ ಹಿಮನದಿ ಈಗಲೂ ಮುಂದಕ್ಕೆ ಬರುತ್ತಿರುವ ಕೆಲವೇ ಹಿಮನದಿಗಳಲ್ಲಿ ಒಂದು. ನೀರಿಗೆ ತಾಗುವ ಅದರ ಮುಖವೇ ಹತ್ತು ಕಿಲೋಮೀಟರ್ ಅಗಲ. ಜುನೋಗಿಂತ ಉತ್ತರದಲ್ಲಿರುವುದರಿಂದ ಒಂದೇ ದಿಕ್ಕಿನ ಪ್ರವಾಸಗಳಲ್ಲಿ ಇದು ಹೆಚ್ಚಾಗಿ ಸಿಗುತ್ತದೆ. ಡಾವ್ಸ್ ಹಿಮನದಿ ಇರುವ ಎಂಡಿಕಾಟ್ ಆರ್ಮ್ ಇಕ್ಕಟ್ಟಾದ ಕಣಿವೆ. ಚೆನ್ನಾಗಿದೆ. ಆದರೆ ಅದೇ ದಿನ ಮಧ್ಯಾಹ್ನ ಜುನೋ ಭೇಟಿಯೂ ಇದ್ದರೆ ಹುಷಾರು. ಎರಡೂ ಅವಸರದಲ್ಲಿ ಮುಗಿಯುತ್ತವೆ.

ಗ್ಲೇಸಿಯರ್ ಬೇ ಅಥವಾ ಹಬ್ಬರ್ಡ್, ಎರಡರಲ್ಲಿ ಒಂದಕ್ಕಾದರೂ ಪೂರ್ತಿ ದಿನ ಇಟ್ಟಿರುವ ಏಳು ರಾತ್ರಿ, ಅದಿಲ್ಲದ ಹತ್ತು ರಾತ್ರಿಗಿಂತ ವಾಸಿ. ಹಿಮದ ಗೋಡೆ ಒಡೆದು ನೀರಿಗೆ ಬೀಳುವ ಸದ್ದು ಕೇಳಿದ ಮೇಲೆ ಅಮ್ಮ ಮತ್ತೆ ಅಲಾಸ್ಕಾ ಎಲ್ಲಿ ಅಂತ ಕೇಳಲಿಲ್ಲ.

ಜಾಸ್ತಿ ದಿನ ಇದ್ದರೆ ನೆಲದ ಮೇಲೆ ಕಳೆಯಿರಿ

ಹಡಗಿನಿಂದ ಕಾಣುವುದು ಅಲಾಸ್ಕಾದ ಬಾಲ ಮಾತ್ರ. ಒಳನಾಡು ಬೇರೆಯೇ ಲೋಕ. ಡೆನಾಲಿ ಉತ್ತರ ಅಮೆರಿಕದ ಅತಿ ಎತ್ತರದ ಶಿಖರ, 6,190 ಮೀಟರ್. ಆಂಕರೇಜ್‌ನಿಂದ ಡೆನಾಲಿ ರಾಷ್ಟ್ರೀಯ ಉದ್ಯಾನದ ಬಾಗಿಲಿಗೆ ಸುಮಾರು 380 ಕಿಲೋಮೀಟರ್. ರೈಲಿನಲ್ಲಿ ಹತ್ತಿರ ಎಂಟು ಗಂಟೆ ಹಿಡಿಯುತ್ತದೆ. ಆ ದಾರಿ ಬೇಜಾರು ಬರುವಂಥದ್ದಲ್ಲ.

ಅಲ್ಲಿ ಒಂದು ರಾತ್ರಿ ಸಾಲದು. ಶಿಖರ ಹೆಚ್ಚಿನ ದಿನ ಮೋಡದಲ್ಲಿ ಮುಚ್ಚಿಕೊಂಡಿರುತ್ತದೆ. ಹೋದವರಲ್ಲಿ ಮೂವರಿಗೆ ಒಬ್ಬರಿಗೆ ಕಂಡರೆ ಹೆಚ್ಚು. ಎರಡು ರಾತ್ರಿ ಇಡಿ, ಮೂರಾದರೆ ಇನ್ನೂ ಒಳ್ಳೆಯದು. ಉದ್ಯಾನದ ಒಳಗಿನ ರಸ್ತೆ 92 ಮೈಲಿ. 2021ರಲ್ಲಿ ಪ್ರೆಟಿ ರಾಕ್ಸ್ ಎಂಬಲ್ಲಿ ಗುಡ್ಡ ಜಾರಿ, ಬಸ್ಸುಗಳು 43ನೇ ಮೈಲಿಗೇ ನಿಲ್ಲುವಂತಾಯಿತು. ನೀವು ಹೋಗುವ ವರ್ಷ ಎಲ್ಲಿಯವರೆಗೆ ಬಿಡುತ್ತಾರೆ ನೋಡಿಕೊಂಡು ಆಮೇಲೆ ದುಡ್ಡು ಕಟ್ಟಿ.

ಹಡಗಿನ ಕಂಪನಿಗಳೇ ಹಡಗು, ನೆಲ ಎರಡನ್ನೂ ಜೋಡಿಸಿ ‘ಕ್ರೂಸ್‌ಟೂರ್’ ಅಂತ ಮಾರುತ್ತವೆ. ಹತ್ತರಿಂದ ಹದಿನಾಲ್ಕು ದಿನದ್ದು ಇರುತ್ತವೆ. ಸಾಮಾನು ಹೊರುವ ತಲೆನೋವಿಲ್ಲ, ಹಿರಿಯರಿದ್ದರೆ ಅನುಕೂಲ. ಕಾರು ಓಡಿಸುವ ಅಭ್ಯಾಸ ಇದ್ದವರು ಆಂಕರೇಜ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ತಾವೇ ಮಾಡಿಕೊಂಡರೆ ಖರ್ಚೂ ಕಡಿಮೆ, ಅಡುಗೆಮನೆ ಇರುವ ರೂಮು ಹಿಡಿದು ಅನ್ನ ಸಾರೂ ಮಾಡಬಹುದು.

ನೆಲದ ಭಾಗ ಹಡಗಿಗಿಂತ ಮೊದಲು ಇರಲಿ. ಬಸ್ಸು, ರೈಲು, ಬೆಳಿಗ್ಗೆ ಬೇಗ ಏಳುವುದು ಎಲ್ಲ ಮುಗಿಸಿ ಆಮೇಲೆ ಹಡಗಿನಲ್ಲಿ ಕಾಲು ಚಾಚಬಹುದು. ಅಂದರೆ ಉತ್ತರದಿಂದ ದಕ್ಷಿಣಕ್ಕೆ ಬರುವ ಹಡಗು ಹಿಡಿಯಬೇಕು.

ತೀರಾ ಗಿಡ್ಡದು, ತೀರಾ ಉದ್ದದ್ದು

ಸೀಸನ್‌ನ ಎರಡೂ ತುದಿಯಲ್ಲಿ ನಾಲ್ಕೈದು ರಾತ್ರಿಯ ಅಗ್ಗದ ಪ್ರವಾಸಗಳು ಕಾಣಿಸುತ್ತವೆ. ಅಷ್ಟರಲ್ಲಿ ಹಡಗು ಕೆಚಿಕನ್ ಮುಟ್ಟಿ ತಿರುಗಿದರೆ ಹೆಚ್ಚು. ಕ್ರೂಸ್ ಅಂದರೇನು ಅಂತ ರುಚಿ ನೋಡಲು ಸರಿ, ಅಲಾಸ್ಕಾ ನೋಡಲು ಸಾಲದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹತ್ತು ರಾತ್ರಿಯ ಪ್ರವಾಸ ಇದೆ. ಬೇ ಏರಿಯಾದವರಿಗೆ ವಿಮಾನ ಉಳಿಯುತ್ತದೆ. ಆದರೆ ಹೆಚ್ಚಾದ ದಿನಗಳು ಪೆಸಿಫಿಕ್ ಕರಾವಳಿಯ ನೀರಿನಲ್ಲೇ ಹೋಗುತ್ತವೆ. ಹದಿನಾಲ್ಕು ರಾತ್ರಿಯವು ಕೋಡಿಯಾಕ್, ವಾಲ್ಡೀಸ್, ಸಿಟ್ಕಾದಂಥ ಕಡೆಗೂ ಹೋಗುತ್ತವೆ. ಸಿಟ್ಕಾ ನನಗಿಷ್ಟ. ಅಲಾಸ್ಕಾ ರಷ್ಯಾದ ಕೈಯಲ್ಲಿದ್ದಾಗ ಅದೇ ರಾಜಧಾನಿ, 1867ರಲ್ಲಿ ಅಮೆರಿಕಕ್ಕೆ ಹಸ್ತಾಂತರವಾದದ್ದೂ ಅಲ್ಲೇ. ನಿವೃತ್ತರಾಗಿ, ಓದುವ ಅಭ್ಯಾಸ ಇದ್ದು, ಸುಮ್ನೆ ಕೂತು ಸಮುದ್ರ ನೋಡುವುದು ಇಷ್ಟ ಅನ್ನುವವರಿಗೆ ಹದಿನಾಲ್ಕು ಹೇಳಿ ಮಾಡಿಸಿದ್ದು. ಮಕ್ಕಳಿದ್ದರೆ ಬೇಡ.

ಖರ್ಚೂ ದಿನದ ಜೊತೆ ಬೆಳೆಯುತ್ತದೆ. ಟಿಕೆಟ್ ಅಲ್ಲದೆ ದಿನಕ್ಕೆ ಒಬ್ಬರಿಗೆ ಹದಿನಾರರಿಂದ ಇಪ್ಪತ್ತು ಡಾಲರ್ ಟಿಪ್ಸ್ ಲೆಕ್ಕಕ್ಕೆ ಬೀಳುತ್ತದೆ. ಇಂಟರ್ನೆಟ್ ಬೇರೆ. ಬಂದರಿನಲ್ಲಿ ಇಳಿದು ಮಾಡುವ ಸುತ್ತಾಟಗಳೇ ದುಬಾರಿ. ಎರಡು ಬಂದರು ಹೆಚ್ಚಿದ್ದರೆ ನಾಲ್ಕು ಜನರ ಮನೆಗೆ ಸಾವಿರ ಡಾಲರ್ ಸುಲಭವಾಗಿ ಏರುತ್ತದೆ.

ತಿಂಗಳು ನೋಡಿ ದಿನ ಹೊಂದಿಸಿ

ಹಡಗುಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಶುರುವಿನವರೆಗೆ ಓಡುತ್ತವೆ. ಮೇ ತಿಂಗಳಲ್ಲಿ ಮಳೆ ಕಡಿಮೆ, ಬೆಲೆಯೂ ಕಡಿಮೆ. ಆದರೆ ಡೆನಾಲಿಯ ಬಸ್ಸುಗಳು ಪೂರ್ತಿ ಶುರುವಾಗಿರುವುದಿಲ್ಲ. ಹಾಗಾಗಿ ಮೇ ತಿಂಗಳಿಗೆ ಬರೀ ಏಳು ರಾತ್ರಿ ಸರಿ. ಜೂನ್‌ನಲ್ಲಿ ಜುನೋದಲ್ಲಿ ಹದಿನೆಂಟು ಗಂಟೆ ಹಗಲು. ರಾತ್ರಿ ಒಂಬತ್ತಕ್ಕೆ ಹಡಗು ಬಿಟ್ಟರೂ ಬೆಳಕಿರುತ್ತದೆ, ಅದೇ ದಿನಗಳು ಉದ್ದವಾದ ಹಾಗೆ. ನೆಲದ ದಿನಗಳನ್ನು ಸೇರಿಸಲು ಜೂನ್, ಜುಲೈ ಒಳ್ಳೆಯದು. ಜುಲೈ ಕೊನೆ, ಆಗಸ್ಟ್‌ನಲ್ಲಿ ಹೊಳೆ ತುಂಬ ಸಾಲ್ಮನ್ ಮೀನು, ಅದರ ಹಿಂದೆ ಕರಡಿ. ಸೆಪ್ಟೆಂಬರ್‌ನಲ್ಲಿ ಮಳೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,800 ಮಿಲಿಮೀಟರ್ ಸುತ್ತಮುತ್ತ ಸುರಿಯುತ್ತದೆ. ಆಗುಂಬೆಯ ಹತ್ತಿರದವರಾದ ಅಪ್ಪ ‘ಇದೇನ್ ಮಳೆ’ ಅಂತ ಛತ್ರಿ ಇಲ್ಲದೆ ನಡೆದರು. ಮಿಕ್ಕವರು ಒದ್ದೆಯಾದೆವು.

ಕೊನೆಗೆ ವಾಪಸ್ ವಿಮಾನ. ಸಿಯಾಟಲ್‌ನಲ್ಲಿ ಇಳಿಯುವವರು ಮಧ್ಯಾಹ್ನ ಹನ್ನೆರಡರ ಮೇಲಿನದ್ದನ್ನೇ ಹಿಡಿಯಿರಿ. ಸೀವರ್ಡ್‌ನಲ್ಲಿ ಇಳಿದರೆ ಆಂಕರೇಜ್ ವಿಮಾನ ನಿಲ್ದಾಣ 200 ಕಿಲೋಮೀಟರ್, ಬಸ್ಸಿನಲ್ಲಿ ಎರಡೂವರೆ ಗಂಟೆ. ವಿಟ್ಟಿಯರ್ ಹತ್ತಿರ, ಸುಮಾರು 100 ಕಿಲೋಮೀಟರ್. ಆದರೆ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಸುರಂಗ ಇದೆ. ಒಂದೇ ಲೇನು. ಅದರಲ್ಲೇ ರೈಲು, ಅದರಲ್ಲೇ ಕಾರು, ಆ ಕಡೆಯವರು ಒಮ್ಮೆ, ಈ ಕಡೆಯವರು ಒಮ್ಮೆ. ನಿಮ್ಮ ಸರದಿ ತಪ್ಪಿದರೆ ಕಾಯಬೇಕು. ಎರಡೂ ಕಡೆಯಿಂದ ಸಂಜೆಯ ವಿಮಾನಕ್ಕೇ ಟಿಕೆಟ್ ಮಾಡಿಸಿ.