ಉಪಕೇಂದ್ರದಿಂದ ಡಾಕ್ಟರಿಗೆ ವಿಡಿಯೊ ಕರೆ: ಮೊದಲು ಅಳತೆ ಸರಿ ಇರಲಿ

ದೇವದುರ್ಗ, ಕುಷ್ಟಗಿ ಕಡೆಯ ಆರೋಗ್ಯ ಉಪಕೇಂದ್ರಗಳಿಂದ ಇ-ಸಂಜೀವನಿ (ಸರ್ಕಾರದ ಆನ್‌ಲೈನ್ ವೈದ್ಯಕೀಯ ಸಲಹೆ ಸೇವೆ) ಕರೆ ಮಾಡುವಾಗ ನೆಟ್‌ವರ್ಕ್‌ಗಿಂತ ಹೆಚ್ಚು ಕೆಡಿಸುವುದು ತಪ್ಪು ಅಳತೆ. ಆ ಕಡೆಯ ಡಾಕ್ಟರಿಗೆ ರೋಗಿಯ ಮೈ ಮುಟ್ಟಿ ನೋಡಲಾಗದು. ಉಪಕೇಂದ್ರದ ಸಿಬ್ಬಂದಿಯಾದ ನೀವು ಹೇಳಿದ ಅಂಕಿಯೇ ಆಧಾರ.

ಬಿಸಿಲಲ್ಲಿ ನಡೆದು ಬಂದವರ ಬಿಪಿ ತಕ್ಷಣ ನೋಡಬೇಡಿ. 5 ನಿಮಿಷ ಬೆನ್ನು ಒರಗಿಸಿ ಕೂರಿಸಿ, ಪಾದ ನೆಲಕ್ಕಿರಲಿ, ತೋಳು ಎದೆಮಟ್ಟಕ್ಕಿರಲಿ, ಮಾತು ಬೇಡ. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿ ತೋಳಿಗೇ ಸುತ್ತಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದರೆ ಬಿಪಿ ಇಲ್ಲದವರಿಗೂ ಯಂತ್ರ ಹೆಚ್ಚು ಬಿಪಿ ತೋರಿಸುತ್ತದೆ! ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡೂ ಬರೆಯಿರಿ.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ಗೆ ಉಗುರುಬಣ್ಣ, ಮೆಹಂದಿ ಇಲ್ಲದ ಬೆರಳು ಬೇಕು. ಅಂಕಿ ನಿಲ್ಲುವವರೆಗೆ ಕಾಯಿರಿ. ಸಕ್ಕರೆ ಪರೀಕ್ಷೆಯ ಸ್ಟ್ರಿಪ್‌ಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು. ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಕೋಣೆಯ ಕಿಟಕಿ ಪಕ್ಕ, ಮುಚ್ಚಳ ತೆರೆದ ಡಬ್ಬಿಯಲ್ಲಿ ಬಿದ್ದಿದ್ದ ಸ್ಟ್ರಿಪ್ ನಂಬುವಂತಿಲ್ಲ.

ಗಾಯದ ಫೋಟೊ ಫ್ಲ್ಯಾಶ್ ಇಲ್ಲದೆ ಹಗಲ ಬೆಳಕಲ್ಲಿ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಡಿ: ಒಂದು ದೂರದಿಂದ, ಒಂದು ಹತ್ತಿರದಿಂದ.

ವಯಸ್ಸು, ತೊಂದರೆ, ಎಷ್ಟು ದಿನದಿಂದ, ಈಗ ನುಂಗುತ್ತಿರುವ ಮಾತ್ರೆ, ಅಲರ್ಜಿ, ಗರ್ಭಿಣಿಯೇ ಎಂಬುದನ್ನು ಕರೆಗೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಮಾತ್ರೆಯ ಹೆಸರು ಗೊತ್ತಿಲ್ಲವೆಂದರೆ ಮಾತ್ರೆಯ ಖಾಲಿ ಹಾಳೆಯನ್ನೇ (ಸ್ಟ್ರಿಪ್) ಕ್ಯಾಮೆರಾಕ್ಕೆ ಹಿಡಿಯಿರಿ.

ಎದೆನೋವು, ಏದುಸಿರು, ಫಿಟ್ಸ್, ಹಾವು ಕಡಿತಕ್ಕೆ ವಿಡಿಯೊ ಸರದಿ ಕಾಯಬೇಡಿ, 108ಕ್ಕೆ ಕರೆ ಮಾಡಿ. ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು ಬೇಡ, ಅಲುಗಾಡದಂತೆ ಮಲಗಿಸಿ.